ಪ್ರಶ್ನೆ ಇದ್ದರೆ ಕೇಳ್ರಿ

ರಸಾಯನಶಾಸ್ತ್ರ ವಿಭಾಗವೆಂದರೆ ಆ್ಯಸಿಡ್, ಗ್ಯಾಸು, ಬೆಂಕಿ. ಇವುಗಳಿಂದ ನಮ್ಮ ಕಾಲೇಜಿನಲ್ಲಿ ಒಂದು ಅನಾಹುತವೂ ಆಗಲಿಲ್ಲ, ದೇವರು ದೊಡ್ಡವನು. ಆದದ್ದೆಲ್ಲ ಅತಿಥಿ ಉಪನ್ಯಾಸಗಳಲ್ಲಿ. ಮೇಜಿಗೆ ಬಿಳಿ ಬಟ್ಟೆ ಹಾಸಿ, ಸ್ಟೀಲಿನ ಲೋಟದಲ್ಲಿ ನೀರು ತುಂಬಿಸಿ ಇಟ್ಟರೆ ಸಾಕು, ಏನಾದರೊಂದು ಆಗಿಯೇ ತೀರುತ್ತಿತ್ತು.

ನಾನು ನಿಪ್ಪಾಣಿಯವಳು. ಎಂಬತ್ತರ ದಶಕದ ಮೊದಲಲ್ಲಿ ಚಿಕ್ಕೋಡಿಯ ಒಂದು ಪದವಿ ಕಾಲೇಜಿಗೆ ಉಪನ್ಯಾಸಕಿಯಾಗಿ ಸೇರಿದೆ. ವಿಭಾಗದಲ್ಲಿ ಹೆಣ್ಣುಮಗಳು ನಾನೊಬ್ಬಳೇ. ಹೀಗಾಗಿ ಸೇರಿದ ವಾರದಲ್ಲೇ ವಂದನಾರ್ಪಣೆಯ ಕೆಲಸ ನನ್ನ ತಲೆಗೆ ಬಂತು. ಸ್ವಾಗತಕ್ಕೆ ಒಬ್ಬರು, ಪರಿಚಯಕ್ಕೆ ಒಬ್ಬರು, ಮಾಲೆ ಹಾಕಲು ಒಬ್ಬರು ಎಂದು ಗಂಡಸರು ಹಂಚಿಕೊಂಡಿದ್ದರು. ಎಲ್ಲರೂ ಎದ್ದು ಹೋಗುವ ಹೊತ್ತಿಗೆ ಮಾತಾಡುವ ಕೆಲಸವೊಂದು ಉಳಿದಿತ್ತು. "ಅದು ಹೆಣ್ಣಮಕ್ಕಳ ಮಾಡಿದ್ರ ಚಂದ ರಿ ಮ್ಯಾಡಮ್" ಎಂದರು. ಯಾಕೆ ಚಂದ ಎಂದು ನಾನೂ ಕೇಳಲಿಲ್ಲ.

ನಮ್ಮ ವಿಭಾಗದ ಮುಖ್ಯಸ್ಥರು ಕೃಷ್ಣಾ ದಂಡೆಯ ಸತ್ತಿ ಊರಿನವರು. ನಗುವುದು ಕಡಿಮೆ. ಬಿಳಿ ಅಂಗಿ, ಎರಡೂ ಕಿಸೆಯಲ್ಲಿ ಸೀಮೆಸುಣ್ಣ. ಅವರಿಗೆ ಬಡ್ತಿ ಬೇಕಿರಲಿಲ್ಲ, ಪ್ರಶಸ್ತಿ ಬೇಕಿರಲಿಲ್ಲ. ಬೇಕಾಗಿದ್ದದ್ದು ಒಂದೇ. ಉಪನ್ಯಾಸ ಮುಗಿದ ಮೇಲೆ "ಪ್ರಶ್ನೆ ಇದ್ದರೆ ಕೇಳ್ರಿ" ಎಂದಾಗ ನಮ್ಮ ಹುಡುಗರಲ್ಲಿ ಯಾರಾದರೂ ಒಬ್ಬರು ಎದ್ದು ನಿಂತು, ಮನಸ್ಸಿನಿಂದ ಒಂದು ಪ್ರಶ್ನೆ ಕೇಳಬೇಕು. ಅವರು ಆ ಕಾಲೇಜಿಗೆ ಬಂದಾಗಿನಿಂದ ಒಬ್ಬನೂ ಕೇಳಿರಲಿಲ್ಲ. ನಿವೃತ್ತಿಯೊಳಗೆ ಅದೊಂದು ಆಗಲಿ ಎಂದು ಕಾಯುತ್ತಿದ್ದರು.

ಒಮ್ಮೆ ಚಹಾದ ಹೊತ್ತಿನಲ್ಲಿ ಕಾರಣ ಹೇಳಿದರು. ಧಾರವಾಡದಲ್ಲಿ ಓದುವಾಗ ಒಬ್ಬ ದೊಡ್ಡ ವಿಜ್ಞಾನಿ ಬಂದಿದ್ದರಂತೆ. ಇವರ ನಾಲಿಗೆಯ ತುದಿಗೆ ಒಂದು ಪ್ರಶ್ನೆ ಬಂದಿತ್ತಂತೆ. ಇಂಗ್ಲಿಷು ತಪ್ಪೀತೆಂದು ಹೆದರಿ ನುಂಗಿಬಿಟ್ಟರಂತೆ.

"ಏನ್ ಪ್ರಶ್ನೆ ರಿ ಸರ್?" ಎಂದೆ.

"ಅದ ನೆನಪಿಲ್ರಿ ಮ್ಯಾಡಮ್" ಎಂದರು. "ನುಂಗಿದ್ದಷ್ಟ ನೆನಪೈತಿ."

ಹೇಳಿದ ರೀತಿಗೆ ನನಗೆ ನಗು ಬರಬೇಕಿತ್ತು. ಬರಲಿಲ್ಲ.

೧. ಕುರ್ಚಿಗೆ ಅರ್ಪಿಸಿದ ವಂದನೆ

ನಾನು ಕಂಡ ಮೊದಲ ಅತಿಥಿ ವಿಶ್ವವಿದ್ಯಾಲಯದಿಂದ ಬಂದಿದ್ದ ಪ್ರಾಧ್ಯಾಪಕರು. ಅಣುಗಳೊಳಗಿನ ಬಂಧಗಳ ಬಗ್ಗೆ ಒಂದೂವರೆ ತಾಸು ಮಾತಾಡಿದರು. ಕಪ್ಪು ಹಲಗೆಯನ್ನು ತುಂಬಿಸಿ, ಒರೆಸಿ, ಮತ್ತೆ ತುಂಬಿಸಿದರು. ಹುಡುಗರು ಅಲ್ಲಾಡದೆ ಕೂತಿದ್ದರು. ಅಷ್ಟು ಶಿಸ್ತು ನಾನು ಸತ್ತವರ ಮನೆಯಲ್ಲಿ ಮಾತ್ರ ನೋಡಿದ್ದೆ.

ಕೊನೆಗೆ ಮುಖ್ಯಸ್ಥರು ಎದ್ದರು. "ಪ್ರಶ್ನೆ ಇದ್ದರೆ ಕೇಳ್ರಿ. ಸಂಕೋಚ ಮಾಡ್ಕೋಬ್ಯಾಡ್ರಿ. ಸಣ್ಣ ಪ್ರಶ್ನೆ ಇದ್ರೂ ನಡೀತೈತಿ."

ಫ್ಯಾನಿನ ಸದ್ದು. ಆಮೇಲೆ ಹಿಂದಿನ ಬೆಂಚಿನಲ್ಲಿ ಒಬ್ಬ ಹುಡುಗ ಎದ್ದು ನಿಂತ.

ಮುಖ್ಯಸ್ಥರ ಮುಖ ನೋಡಬೇಕಿತ್ತು. ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡರು. ಪ್ರಾಧ್ಯಾಪಕರೂ ಸೀಮೆಸುಣ್ಣ ಹಿಡಿದು ಸಿದ್ಧರಾದರು. "ಕೇಳಪಾ, ಕೇಳು" ಎಂದರು ಮುಖ್ಯಸ್ಥರು.

"ಸರ, ರಾಯಬಾಗ ಬಸ್ಸಿನ ಹೊತ್ತಾತ್ರಿ. ಹೋಗಲ್ರಿ?"

ಇಡೀ ಸಭೆ ತಲೆ ತಗ್ಗಿಸಿತು. ಮುಖ್ಯಸ್ಥರು ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಪ್ರಾಧ್ಯಾಪಕರು ಕೈಗಡಿಯಾರ ನೋಡಿಕೊಂಡು, "ರಾಯಬಾಗದಾಗ ರೈಲ್ವೆ ಸ್ಟೇಶನ್ ಐತಲ್ಲ? ಅಲ್ಲಿಂದ ನನಗ ರೈಲು ಸಿಗತೈತೇನು?" ಎಂದು ಆ ಹುಡುಗನನ್ನೇ ಕೇಳಿದರು.

"ಸಿಗತೈತ್ರಿ. ಆದ್ರ ಈಗ ಓಡಬೇಕ್ರಿ."

ಆ ದಿನ ಉತ್ತರ ಸಿಕ್ಕ ಏಕೈಕ ಪ್ರಶ್ನೆ ಅತಿಥಿಗಳದ್ದು, ಉತ್ತರ ವಿದ್ಯಾರ್ಥಿಯದ್ದು. ಇಬ್ಬರೂ ಓಡಿದರು. ಪ್ರಾಧ್ಯಾಪಕರ ಚೀಲ ಹುಡುಗನ ಹೆಗಲ ಮೇಲಿತ್ತು. ಕಾರ್ಯಕ್ರಮ ಪಟ್ಟಿಯಂತೆ ಮುಂದಿನದು ವಂದನಾರ್ಪಣೆ. ಪ್ರಾಚಾರ್ಯರು ನನಗೆ ಕಣ್ಸನ್ನೆ ಮಾಡಿದರು. ಪದ್ಧತಿ ಎಂದರೆ ಪದ್ಧತಿ. ನಾನು ಎದ್ದು, ಖಾಲಿ ಕುರ್ಚಿಯ ಕಡೆ ತಿರುಗಿ, "ತಮ್ಮ ಅಮೂಲ್ಯ ಸಮಯವನ್ನು ನಮಗಾಗಿ ಮೀಸಲಿಟ್ಟ ಮಾನ್ಯರೇ" ಎಂದು ಶುರು ಮಾಡಿದೆ.

೨. ಪೂರ್ಣ ಅಂಕ

ಮುಖ್ಯಸ್ಥರು ಎರಡು ದಿನ ಸಪ್ಪಗಿದ್ದದ್ದನ್ನು ನೋಡಿ ನಮ್ಮ ಕಿರಿಯ ಸಹೋದ್ಯೋಗಿಯೊಬ್ಬರಿಗೆ ಕರುಳು ಚುರುಕ್ ಎಂದಿತು. ಒಳ್ಳೆಯ ಮನುಷ್ಯ, ಆದರೆ ಯಾವ ಸಮಸ್ಯೆಗೂ ಅಡ್ಡದಾರಿಯಲ್ಲೇ ಪರಿಹಾರ ಹುಡುಕುವವರು. ಮುಂದಿನ ಉಪನ್ಯಾಸ ವೇಗವರ್ಧಕಗಳ ಬಗ್ಗೆ, ಕೊಲ್ಹಾಪುರದ ಪ್ರಾಧ್ಯಾಪಕರದು. ನಮ್ಮ ಸಹೋದ್ಯೋಗಿ ಕಾಗವಾಡ ಕಡೆಯ ಒಬ್ಬ ಜಾಣ ಹುಡುಗನನ್ನು ಕರೆದು, ಗುಟ್ಟಾಗಿ ಒಂದು ಪ್ರಶ್ನೆ ಕೊಟ್ಟರು. "ಚೆನ್ನಾಗಿ ತಯಾರಿ ಮಾಡ್ಕೊಂಡ ಬಾ. ಎಲ್ಲೂ ತಡವರಿಸಬಾರದು" ಎಂದರು. ಹುಡುಗ ಪಾದಮುಟ್ಟಿ ನಮಸ್ಕರಿಸಿ ಹೋದ.

ಆ ದಿನ ಬಂತು. ಕೊಲ್ಹಾಪುರದವರು ಮರಾಠಿ, ಇಂಗ್ಲಿಷು ಕಲಸಿ ಸೊಗಸಾಗಿ ಮಾತಾಡಿದರು. ನಮ್ಮ ಕಡೆ ಮರಾಠಿ ಬಾರದವರು ಕಡಿಮೆ, ಹಾಗಾಗಿ ತೊಂದರೆಯಿರಲಿಲ್ಲ. "ಪ್ರಶ್ನೆ ಇದ್ದರೆ ಕೇಳ್ರಿ" ಎಂದರು ಮುಖ್ಯಸ್ಥರು. ಹುಡುಗ ಎದ್ದ. ಅಂಗಿ ಇಸ್ತ್ರಿಯಾಗಿತ್ತು, ಕೂದಲಿಗೆ ಎಣ್ಣೆ ಬಿದ್ದಿತ್ತು.

"ಸರ್, ವೇಗವರ್ಧಕವು ಕ್ರಿಯೆಯಲ್ಲಿ ಭಾಗವಹಿಸಿದರೂ ಕೊನೆಯಲ್ಲಿ ಬದಲಾಗದೆ ಉಳಿಯುವುದು ಹೇಗೆ?"

ಮುಖ್ಯಸ್ಥರ ಕಣ್ಣು ತುಂಬಿ ಬಂತು. ಕೊಲ್ಹಾಪುರದವರು ಸಂತೋಷದಿಂದ ಮುಂದೆ ಬಾಗಿದರು. ಹುಡುಗ ಉಸಿರು ತೆಗೆದುಕೊಂಡು ಮುಂದುವರಿದ. "ವೇಗವರ್ಧಕವು ಮೊದಲು ಮಧ್ಯಂತರ ಸಂಯುಕ್ತವನ್ನು ಉಂಟುಮಾಡುತ್ತದೆ. ಅನಂತರ ಆ ಸಂಯುಕ್ತವು ಒಡೆದು..." ಹೀಗೆ ಅಂಶವಾರು ಹೇಳಿ, ಉದಾಹರಣೆ ಕೊಟ್ಟು, ಅನುಕೂಲಗಳನ್ನು ತಿಳಿಸಿ, "ಬೋರ್ಡ್ ಮ್ಯಾಲೆ ಚಿತ್ರಾನೂ ಬರೀಲ್ರಿ?" ಎಂದು ಕೇಳಿದ.

ಕೊಲ್ಹಾಪುರದವರು ಒಮ್ಮೆ ನಮ್ಮನ್ನು, ಒಮ್ಮೆ ಅವನನ್ನು ನೋಡಿದರು. "ಬರೋಬರ್ ಆಹೇ" ಎಂದರು. ಸರಿಯಾಗಿದೆ. ಆಮೇಲೆ ಮೆಲ್ಲಗೆ, "ಆತಾ ಮೀ ಕಾಯ್ ಸಾಂಗೂ?" ಈಗ ನಾನೇನು ಹೇಳಲಿ?

ಸಭೆ ಮುಗಿದ ಮೇಲೆ ಕಿರಿಯ ಸಹೋದ್ಯೋಗಿ ಅವನನ್ನು ಪ್ರಯೋಗಾಲಯಕ್ಕೆ ಎಳೆದುಕೊಂಡು ಹೋದರು. "ಲೇ, ನಿನಗ ಪ್ರಶ್ನೆ ಅಷ್ಟ ಕೇಳು ಅಂದಿದ್ದೆ. ಉತ್ತರಾ ಯಾಕ ಹೇಳಿದ್ಯೋ?"

"ಬರೇ ಪ್ರಶ್ನೆ ಕೇಳಿ ಕುಂತ್ರ ನನಗ ಗೊತ್ತಿಲ್ಲ ಅಂತ ಎಲ್ಲಾರೂ ತಿಳ್ಕೋತಾರಲ್ರಿ ಸರ!"

ಬಾಗಿಲಲ್ಲಿ ಮುಖ್ಯಸ್ಥರು ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. ಸಹೋದ್ಯೋಗಿ ಬೆವರಿದರು, ನಾನು ಬ್ಯುರೆಟ್ ತೊಳೆಯುವವಳಂತೆ ನಟಿಸಿದೆ. ಮುಖ್ಯಸ್ಥರು ಬೈಯಲಿಲ್ಲ. ಹುಡುಗನ ಹೆಗಲ ಮೇಲೆ ಕೈಯಿಟ್ಟು, "ತಪ್ಪ ನಿಂದಲ್ಲಪಾ. ಗೊತ್ತಿದ್ದವರಷ್ಟ ಎದ್ದ ನಿಲ್ಲಬೇಕಂತ ನಾವ ನಿಮಗ ಕಲಿಸೇವಿ" ಎಂದರು.

ಹುಡುಗನಿಗೆ ಅರ್ಥವಾಗಲಿಲ್ಲ. "ಹಂಗಾರ ಸರ, ನಂದು ಉತ್ತರ ಬರೋಬರ್ ಇತ್ತಿಲ್ರಿ?" ಎಂದ.

೩. ಪಾವಣೇರ ಮಾನ

ಅಥಣಿ ಕಡೆಯ ದ್ರಾಕ್ಷಿ ತೋಟದ ಯಜಮಾನರೊಬ್ಬರು ಮಗನನ್ನು ನೋಡಲು ಕಾಲೇಜಿಗೆ ಬಂದಿದ್ದರು. ತಲೆಗೆ ಹಳದಿ ಪಟಗಾ, ಕೈಯಲ್ಲಿ ನಮಗಾಗಿ ಒಂದು ಬುಟ್ಟಿ ದ್ರಾಕ್ಷಿ. ಮಗ ಬುದ್ಧಿವಂತ, ಆದರೆ ಉಪನ್ಯಾಸ ಮುಗಿದ ಮೇಲೆ ಮಾತ್ರ ಬಾಯಿಗೆ ಬೀಗ. ಮುಖ್ಯಸ್ಥರು ತಂದೆಯ ಹತ್ತಿರವೇ ಅಹವಾಲು ಹೇಳಿಕೊಂಡರು.

"ನಿಮ್ಮ ಮಗ ಶ್ಯಾಣ್ಯಾ ಇದ್ದಾನ್ರಿ. ಆದ್ರ ಹೊರಗಿನವರು ಬಂದು ಭಾಷಣಾ ಮಾಡಿದಾಗ ಒಂದ ಪ್ರಶ್ನೆನೂ ಕೇಳೂದಿಲ್ಲ."

ಯಜಮಾನರು ಗಾಬರಿಯಿಂದ ಪಟಗಾ ಸರಿಮಾಡಿಕೊಂಡರು. "ಯಾಕ ಕೇಳಬೇಕ್ರಿ ಸಾಹೇಬರ? ಅವರು ಪಾವಣೇರು. ಬಸ್ಸಿನಾಗ ಧೂಳಾ ಕುಡದ ಅಷ್ಟ ದೂರದಿಂದ ಬಂದಿರ್ತಾರ. ಚಾ ಕುಡಿಸಿ, ಕೈಮುಗದು, ಬಸ್ಸ ಹತ್ತಿಸಿ ಕಳಸೂದ ಬಿಟ್ಟು ಹತ್ತ ಮಂದಿ ಮುಂದ ನಿಲ್ಲಿಸಿ ಪ್ರಶ್ನೆ ಕೇಳೂದೇನ್ರಿ? ಅವರಿಗೆ ಉತ್ತರ ಬರಲಿಲ್ಲ ಅಂದ್ರ ಮಾನ ಯಾರದ ಹೋಕ್ಕೈತಿ? ಕರಿಸಿದವರದ ಹೋಕ್ಕೈತಿ."

ಇಷ್ಟು ವರ್ಷದ ಮೌನಕ್ಕೆ ಕಾರಣ ಅಂದು ನಮಗೆ ತಿಳಿಯಿತು. ನಮ್ಮ ಹುಡುಗರು ದಡ್ಡರಲ್ಲ, ಮರ್ಯಾದಸ್ಥರು. ಮುಖ್ಯಸ್ಥರು ಒಂದು ಗಳಿಗೆ ಯಜಮಾನರನ್ನೇ ನೋಡಿದರು. ಅವರೂ ಅತಿಥಿಗಳೇ, ಪಾವಣೇರೇ ಅಲ್ಲವೇ. ಚಹಾ ತರಿಸಿದರು, ಕೈಮುಗಿದರು, ಮುಂದೆ ಏನೂ ಕೇಳಲಿಲ್ಲ.

೪. ಹಾಲ್ ತುಂಬಿದ ದಿನ

ಒಂದು ಕಬ್ಬಿನ ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆಯೊಂದರ ಮುಖ್ಯ ಕೆಮಿಸ್ಟರನ್ನು ಕರೆಸಿದೆವು. ವಿಷಯ, ಸಕ್ಕರೆ ತಯಾರಿಕೆಯಲ್ಲಿ ರಸಾಯನಶಾಸ್ತ್ರ. ಕಾರ್ಖಾನೆಯ ಜೀಪು ಕಾಲೇಜಿನ ಗೇಟಿನಲ್ಲಿ ನಿಂತದ್ದೇ ತಡ, ಪೇಟೆಗೆ ಬಂದಿದ್ದ ರೈತರಲ್ಲಿ ಸುದ್ದಿ ಹಬ್ಬಿತು. ಸ್ವಾಗತ ಗೀತೆ ಮುಗಿಯುವುದರೊಳಗೆ ಸಭಾಂಗಣದ ಹೊರಗೆ ಟ್ರ್ಯಾಕ್ಟರುಗಳ ಸಾಲು. ಒಳಗೆ ಧೋತರ, ಪಟಗಾ, ಗಾಂಧಿ ಟೋಪಿ. ನಮ್ಮ ಹುಡುಗರು ಬೆಂಚು ಬಿಟ್ಟುಕೊಟ್ಟು ಗೋಡೆಗೆ ಆತುಕೊಂಡರು. ಕೆಲವರು ಅಪ್ಪಂದಿರನ್ನು ಕಂಡು ಕಿಟಕಿಯ ಕಡೆ ಮುಖ ತಿರುಗಿಸಿದರು.

ಇಷ್ಟು ಜನ ರಸಾಯನಶಾಸ್ತ್ರಕ್ಕಾಗಿ ಬಂದಿದ್ದಾರೆಂದು ಮುಖ್ಯಸ್ಥರು ನಂಬಲಿಲ್ಲ. ಆದರೆ ನಂಬಬೇಕೆಂಬ ಆಸೆ ಅವರ ಮುಖದಲ್ಲಿತ್ತು.

ಕೆಮಿಸ್ಟರು ಮಾತು ಮುಗಿಸಿದರು. ಮುಖ್ಯಸ್ಥರು ಇನ್ನೂ "ಪ್ರಶ್ನೆ ಇದ್ದರೆ" ಎನ್ನುತ್ತಿದ್ದಂತೆ ಇಡೀ ಸಭೆ ಕೈ ಎತ್ತಿತು.

"ಸಾಹೇಬರ, ನಮ್ಮ ಕಬ್ಬ ಹೊಲದಾಗ ನಿಂತ ಒಣಗಾಕತ್ತೈತಿ. ಕಡಿಯೂ ಮಂದಿ ಟೋಳಿ ಎಂದ ಕಳಸ್ತೀರಿ?"

"ಅದು ನನ್ನ ಇಲಾಖೆ ಅಲ್ಲರೀ" ಎಂದರು ಕೆಮಿಸ್ಟರು.

"ಕಾರ್ಖಾನಿ ನಿಮ್ಮದ ಹೌದಲ್ರಿ?"

ಗದ್ದಲ ಎದ್ದಿತು. ಮುಖ್ಯಸ್ಥರು ಕೈ ಎತ್ತಿ, ಗಂಭೀರವಾಗಿ, "ಹಿರಿಯರೆ, ಇದು ಸೆಮಿನಾರ ಐತಿ. ಪ್ರಶ್ನೆ ರಸಾಯನಶಾಸ್ತ್ರಕ್ಕ ಸಂಬಂಧ ಇರಬೇಕು" ಎಂದರು.

ರೈತರು ತಮ್ಮ ತಮ್ಮಲ್ಲೇ ಮಾತಾಡಿಕೊಂಡರು. ರಾಯಬಾಗ ಕಡೆಯ ಒಬ್ಬ ಮುದುಕರನ್ನು ಎಬ್ಬಿಸಿ ನಿಲ್ಲಿಸಿದರು. ಅವರು ಟೋಪಿ ತೆಗೆದು ಕೇಳಿದರು. "ಬೆಳದ ಕಬ್ಬ ಕಡಿಯೂದು ತಡಾ ಆದ್ರ, ಅದರಾಗಿನ ಸಕ್ಕರಿ ಏನ ಆಗತೈತ್ರಿ ಸಾಹೇಬರ?"

ಮುಖ್ಯಸ್ಥರು ನನ್ನ ಕೈ ಒತ್ತಿದರು. ಪ್ರಶ್ನೆ! ಅಪ್ಪಟ ರಸಾಯನಶಾಸ್ತ್ರ! ಕೆಮಿಸ್ಟರಿಗೂ ಜೀವ ಬಂತು. ಹಲಗೆಯ ಹತ್ತಿರ ಹೋಗಿ, ಸಮೀಕರಣ ಬರೆದು, ತಡವಾದಂತೆಲ್ಲ ಸಕ್ಕರೆ ಹೇಗೆ ಒಡೆದು ಬೇರೆ ಆಗುತ್ತದೆ, ಹೇಗೆ ಕಡಿಮೆಯಾಗುತ್ತದೆ ಎಂದು ಬಹಳ ಚೆನ್ನಾಗಿ ಬಿಡಿಸಿ ಹೇಳಿದರು.

ಮುದುಕರು ಕೊನೆಯತನಕ ಕೇಳಿಸಿಕೊಂಡು ತಲೆದೂಗಿದರು. "ಅಂದ್ರ ತಡಾ ಆದ್ರ ಲುಕ್ಸಾನ ಆಗತೈತಿ ಅಂತ ನೀವ ಬರದ ತೋರಿಸಿದ್ರಿ. ಎಲ್ಲಾರೂ ನೋಡ್ಯಾರ. ಈಗ ಹೇಳ್ರಿ, ಟೋಳಿ ಎಂದ ಕಳಸ್ತೀರಿ?"

ಕೆಮಿಸ್ಟರನ್ನು ನಾವು ಪ್ರಯೋಗಾಲಯದ ಹಿಂಬಾಗಿಲಿನಿಂದ ಸಾಗಿಸಬೇಕಾಯಿತು. ಹೋಗುವಾಗ ಮುದುಕರು ಮುಖ್ಯಸ್ಥರ ಕೈ ಹಿಡಿದು, "ಭಾಳ ಚಲೋ ಕಾರ್ಯಕ್ರಮ ರಿ. ವಾರಕ್ಕೊಮ್ಮೆ ಇಡ್ರಿ" ಎಂದರು.

೫. ಊರೂರ ನೀರು

ಆಮೇಲೆ ನಮಗೊಂದು ಹೊಸ ಉಪಾಯ ಹೊಳೆಯಿತು. ಹುಡುಗರು ತಾವೇ ಏನಾದರೂ ತಂದರೆ ಬಾಯಿಬಿಟ್ಟಾರು. ಸಾಂಗ್ಲಿ ಕಡೆಯ ಅತಿಥಿಯೊಬ್ಬರು ನೀರಿನ ಗಡಸುತನದ ಬಗ್ಗೆ ಮಾತಾಡುವವರಿದ್ದರು. ಪ್ರತಿಯೊಬ್ಬರೂ ತಮ್ಮೂರ ನೀರು ತರಬೇಕೆಂದು ಹೇಳಿದೆವು. ಸತ್ತಿಯ ಹೊಳೆ ನೀರು, ಐಗಳಿಯ ಬಾವಿ ನೀರು, ಕಾಗವಾಡದ್ದು, ರಾಯಬಾಗದ್ದು, ಬಾಟಲಿಗಳ ಸಂತೆಯೇ ನೆರೆಯಿತು. ಅತಿಥಿಗಳು ಒಂದೊಂದನ್ನೇ ಪರೀಕ್ಷಿಸಿ, ಫಲಿತಾಂಶವನ್ನು ಎಲ್ಲರೆದುರು ಗಟ್ಟಿಯಾಗಿ ಸಾರಿದರು. ಎಲ್ಲಕ್ಕಿಂತ ಗಡಸು ನೀರು ಒಂದು ಊರಿನದೆಂದು ಗೊತ್ತಾಯಿತು. ಆ ಊರಿನ ಹೆಸರು ಹೇಳಲಾರೆ. ನನಗೆ ಅಲ್ಲಿ ಇನ್ನೂ ಬಳಗವಿದೆ.

"ಈ ನೀರಾಗ ಬ್ಯಾಳಿ ಬೇಯೂದಿಲ್ಲ, ಸೋಪ ನೊರಿ ಬರೂದಿಲ್ಲ" ಎಂದರು ಅತಿಥಿಗಳು ನಗುತ್ತ. ಪ್ರಶ್ನೆ? ಒಂದೂ ಇಲ್ಲ.

ಮರುವಾರ ಆ ಊರಿನ ನಾಲ್ವರು ಹಿರಿಯರು ಮುಖ್ಯಸ್ಥರ ಕೋಣೆಗೆ ಬಂದರು. ಜೊತೆಗೆ ಬಟ್ಟೆ ಕಟ್ಟಿದ ಒಂದು ಕೊಡ. "ನಮ್ಮೂರ ನೀರಿನ ಹೆಸರ ಕೆಡಿಸೀರಿ. ಹೆಣ್ಣ ನೋಡಾಕ ಹೋದಲ್ಲೆ, ನಿಮ್ಮೂರಾಗ ಬ್ಯಾಳಿ ಬೇಯೂದಿಲ್ಲಂತಲ್ಲ, ಮಗಳ ಕೊಟ್ಟ ಏನ ಮಾಡೂದು ಅಂತ ಕೇಳಾಕತ್ತಾರ. ಮತ್ತೊಮ್ಮೆ ನೋಡ್ರಿ" ಎಂದರು.

ಮತ್ತೊಮ್ಮೆ ನೋಡಿದರೂ ಅದೇ ನೀರು. ಸುಳ್ಳು ಹೇಳುವುದು ಮುಖ್ಯಸ್ಥರಿಗೆ ಬಾರದು. ಬಹಳ ಹೊತ್ತು ಯೋಚಿಸಿ, "ಗಡಸ ಐತಿ ಅಂದ್ರ ಅದರಾಗ ಸುಣ್ಣದಂಶ ಜಾಸ್ತಿ ಅಂತ ಅರ್ಥ. ಎಲುಬಿಗೆ ಸುಣ್ಣದಂಶ ಬೇಕ ಆಗತೈತಿ" ಎಂದರು. ಹಿರಿಯರ ಮುಖ ಅರಳಿತು. ಕೊಡವನ್ನು ಅಲ್ಲೇ ಬಿಟ್ಟು ಹೋದರು.

ಎಂಟು ದಿನದೊಳಗೆ ಸುತ್ತಲಿನ ಊರುಗಳಲ್ಲಿ ಹೊಸ ಮಾತು ಹಬ್ಬಿತು. ಬಾವಿ ನೀರಿನ ಊರಿನವರ ಎಲುಬು ಗಟ್ಟಿ, ಹೊಳೆ ನೀರು ಕುಡಿದವರದು ಹಿಟ್ಟು ಎಂದು ಕಾಲೇಜಿನವರು ಹೇಳಿದ್ದಾರಂತೆ. ಮುಂದಿನ ಸೋಮವಾರ ಹೊಳೆ ದಂಡೆಯವರು ಬಂದರು. ಎಲ್ಲರಿಗಿಂತ ಮುಂದೆ, ಕಣ್ಣು ಕೆಂಪಗೆ ಮಾಡಿಕೊಂಡು ನಿಂತಿದ್ದವರು ಮುಖ್ಯಸ್ಥರ ಸ್ವಂತ ಭಾವ.

"ನಿಮ್ಮ ಅಕ್ಕನ ಎಲುಬ ಹೆಂಗೈತಿ ಅಂತ ನಿಮಗ ಗೊತ್ತಿಲ್ಲೇನು?" ಎಂದರು ಅವರು. "ಆಕಿ ಕೈಲೆ ಏಟ ತಿಂದ ನಾನ ಹೇಳಬೇಕೇನು?"

೬. ಕೊನೆಯ ಉಪನ್ಯಾಸ

ತೊಂಬತ್ತರ ದಶಕದ ನಡುವೆ, ಸಂಕ್ರಾಂತಿ ಕಳೆದ ಮೇಲೆ, ಮುಖ್ಯಸ್ಥರ ನಿವೃತ್ತಿಯ ದಿನ ಬಂತು. ಅಂದು ಅವರದೇ ಉಪನ್ಯಾಸವಿಟ್ಟೆವು. ವಿಷಯ ಅವರೇ ಆರಿಸಿದ್ದು, ಕಲಿಲಗಳು. ಕೆಸರು ನೀರು, ಹಾಲು, ಇಂಥವುಗಳಲ್ಲಿ ತೇಲಾಡುವ ಸಣ್ಣ ಕಣಗಳ ಶಾಸ್ತ್ರ. ಇದು ಕೊನೆಯ ಸಲ. ಇವತ್ತೂ ಯಾರೂ ಕೇಳದಿದ್ದರೆ ಅವರು ಹಾಗೆಯೇ ಮನೆಗೆ ಹೋಗುತ್ತಾರೆ. ನಾನೇ ಒಂದು ಪ್ರಶ್ನೆ ಕೇಳಿಬಿಡಲೇ ಎಂದು ಯೋಚಿಸಿದೆ. ಆದರೆ ಅವರಿಗೆ ಬೇಕಾಗಿದ್ದದ್ದು ನನ್ನದಲ್ಲ.

ಕಾರ್ಯಕ್ರಮ ಪಟ್ಟಿ ಉದ್ದವಿದ್ದುದರಿಂದ ಶಾಲು, ಮಾಲೆ ಮೊದಲೇ ಹಾಕಿದ್ದರು. ಅವರು ಮಾಲೆ ಹಾಕಿಕೊಂಡೇ ಪಾಠ ಶುರು ಮಾಡಿದರು. ಕೆಸರು ನೀರಿಗೆ ಪಟಿಕ ಹಾಕಿದರೆ ಕಣಗಳು ಒಂದಕ್ಕೊಂದು ಕೂಡಿ, ಭಾರವಾಗಿ, ತಳಕ್ಕೆ ಕೂರುತ್ತವೆ ಎಂದು ಹೇಳುತ್ತಿದ್ದಾಗ ಮೂರನೆಯ ಬೆಂಚಿನಲ್ಲಿ ಪಿಸುಮಾತು ಕೇಳಿಸಿತು. ಒಬ್ಬ ಹುಡುಗಿ ಪಕ್ಕದವಳ ಕಿವಿಯಲ್ಲಿ ಏನೋ ಹೇಳುತ್ತಿದ್ದಳು.

ಮುಖ್ಯಸ್ಥರು ಮಾತು ನಿಲ್ಲಿಸಿದರು. "ಏನವಾ ಅದು?"

ಹುಡುಗಿ ಧಡಕ್ಕನೆ ಎದ್ದು ನಿಂತಳು. "ಏನಿಲ್ರಿ ಸರ. ತಪ್ಪಾತ್ರಿ."

"ತಪ್ಪಲ್ಲವಾ. ಏನ ಅಂದಿ, ಹೇಳು."

"ಇನ್ನ ಮಾತಾಡೂದಿಲ್ರಿ ಸರ."

ಪ್ರಾಚಾರ್ಯರು ಕುರ್ಚಿಯಿಂದ ಅರ್ಧ ಎದ್ದು, "ಇವತ್ತಿನ ದಿನಾ ಹಿಂಗ ಮಾಡೂದೇನು? ಹೊರಗ ನಡಿ" ಎಂದು ಗದರಿದರು. ಹುಡುಗಿ ಕಣ್ಣಲ್ಲಿ ನೀರು ತುಂಬಿಕೊಂಡು ಚೀಲ ಎತ್ತಿದಳು. ಆಗ ನಮ್ಮ ಮುಖ್ಯಸ್ಥರು ವೇದಿಕೆಯಿಂದ ಇಳಿದು, ಆ ಬೆಂಚಿನ ಮುಂದೆ ಹೋಗಿ, ಮಾಲೆಯ ಮೇಲೆ ಎರಡೂ ಕೈ ಜೋಡಿಸಿದರು. "ಕೈಮುಗೀತೀನಿ ತಂಗಿ. ಅದೇನ ಅಂದಿ ಜೋರಾಗಿ ಹೇಳು."

ಹುಡುಗಿ ಹೆದರಿ ಹೆದರಿ ಹೇಳಿದಳು. "ನಮ್ಮದು ಬೆಲ್ಲದ ಗಾಣ ಐತ್ರಿ ಸರ. ಕಡಾಯಿದಾಗ ಕಬ್ಬಿನ ಹಾಲ ಕಾಯುವಾಗ ಬೆಂಡಿ ಗಿಡದ ಲೋಳಿ ಹಾಕತೀವ್ರಿ. ಆಗ ಹೊಲಸೆಲ್ಲ ಕೂಡಿ ಮ್ಯಾಲ ಬರ್ತೈತ್ರಿ. ನೀವು ತಳಕ್ಕ ಕೂಡತೈತಿ ಅಂದ್ರಿ. ಹಂಗಾರ ಅದ್ಯಾಕ ಮ್ಯಾಲ ಬರ್ತೈತಿ ಅಂತ ಇಕಿಗೆ ಕೇಳಿದೆ ರಿ. ತಪ್ಪಾತ್ರಿ."

ಮುಖ್ಯಸ್ಥರು ಜೋಡಿಸಿದ ಕೈ ಇಳಿಸಿದರು. ನಮ್ಮ ಕಡೆ ತಿರುಗಿದಾಗ ಅವರ ಮುಖದಲ್ಲಿದ್ದಂಥ ಬೆಳಕನ್ನು ನಾನು ಮದುವೆ ಮನೆಗಳಲ್ಲೂ ಕಂಡಿಲ್ಲ.

"ಮ್ಯಾಡಮ್, ಪ್ರಶ್ನೆ ಕೇಳ್ಯಾಳ್ರಿ" ಎಂದರು. "ನನಗ ಉತ್ತರ ಗೊತ್ತಿಲ್ರಿ!"

ನನ್ನನ್ನು ಕೇಳಿದರು. ನನಗೂ ಗೊತ್ತಿರಲಿಲ್ಲ. ಕಿರಿಯ ಸಹೋದ್ಯೋಗಿ ಪುಸ್ತಕ ತರಲು ಓಡಿದರು. ಭೌತಶಾಸ್ತ್ರದವರು ಗಾಳಿಯ ಗುಳ್ಳೆ ಇರಬಹುದು ಎಂದರು, ಗಣಿತದವರು ಅದನ್ನು ಒಪ್ಪಲಿಲ್ಲ. ಪ್ರಾಚಾರ್ಯರು ಗಡಿಯಾರ ತೋರಿಸಿ ನನಗೆ ಕಣ್ಸನ್ನೆ ಮಾಡಿದರು. ನಾನು ವಂದನಾರ್ಪಣೆಗೆ ಎದ್ದು, "ಮೂವತ್ತು ವರ್ಷಗಳ ಸುದೀರ್ಘ ಸೇವೆ" ಎನ್ನುವಷ್ಟರಲ್ಲಿ ಮುಖ್ಯಸ್ಥರು ನಡುವೆ ಬಾಯಿ ಹಾಕಿ, "ನಾನೂ ಸತ್ತಿಯಾಗ ಸಣ್ಣಾಂವ ಇದ್ದಾಗಿಂದ ಗಾಣಾ ನೋಡೀನ್ರಿ ಮ್ಯಾಡಮ್. ಕಡಾಯಿ ಮುಂದ ನಿಂತ ಬಿಸಿ ಬೆಲ್ಲಾ ತಿಂದೀನಿ. ಒಮ್ಮೆನೂ ಕೇಳಲಿಲ್ಲ" ಎಂದರು. ಮುಂದೆ ನನ್ನ ಭಾಷಣ ಸಾಗಲಿಲ್ಲ. ಕಾಗದ ಮಡಚಿ ಕೂತೆ.

ಹೊರಗೆ ಚೆಂಡುಹೂವಿನಿಂದ ಸಿಂಗರಿಸಿದ ಜೀಪು ಸಿದ್ಧವಿತ್ತು, ಮುಂದೆ ಹಲಗೆ ಬಾರಿಸುವವರು, ಹಿಂದೆ ಅವರ ಟೆಂಪೋ. ನಿವೃತ್ತರಾದವರನ್ನು ಬಾಜಾ ಬಜಂತ್ರಿಯೊಡನೆ ಮನೆ ಮುಟ್ಟಿಸುವುದು ನಮ್ಮಲ್ಲಿ ರೂಢಿ. ಮನೆಯ ಬಾಗಿಲಲ್ಲಿ ಅವರ ಹೆಂಡತಿ ಆರತಿ ತಟ್ಟೆ ಹಿಡಿದು ಕಾಯುತ್ತಿದ್ದರು. ಮುಖ್ಯಸ್ಥರು ಜೀಪು ಹತ್ತುವಾಗ ಆ ಹುಡುಗಿಯನ್ನು ಕರೆದರು.

"ನಿಮ್ಮ ಗಾಣ ಈಗ ನಡದೈತೇನವಾ?"

"ನಡದೈತ್ರಿ ಸರ. ರಾಯಬಾಗ ದಾರ್ಯಾಗ ರಿ. ಸಂಜಿಮಟಾ ನಡೀತೈತ್ರಿ."

"ಹತ್ತು" ಎಂದರು. ಅವಳ ಜೊತೆಗಿರಲಿ ಎಂದು ನನ್ನನ್ನೂ ಹತ್ತಿಸಿಕೊಂಡರು. ಡ್ರೈವರನ ಬೆನ್ನು ತಟ್ಟಿ, "ರಾಯಬಾಗ ಕಡೆ ಹೊಡಿ" ಎಂದರು. ಹಲಗೆಯವರಿಗೆ ದಾರಿ ಬದಲಾದದ್ದು ಗೊತ್ತಾಗಲಿಲ್ಲ. ಹಿಂದಿನ ಟೆಂಪೋ ಹತ್ತಿ, ಬಡಿಯುತ್ತಲೇ ಬಂದರು. ಅವರ ಹಿಂದೆ ಬೈಯುತ್ತ ಪ್ರಾಚಾರ್ಯರ ಸ್ಕೂಟರು.

ಸಂಜೆಯ ಬಿಸಿಲಿನಲ್ಲಿ ಕಬ್ಬಿನ ಹೊಲಗಳ ನಡುವೆ ಆ ಗಾಣ ಮುಟ್ಟಿದೆವು. ಗಾಣದವರು ಕಂಡದ್ದು ಇಷ್ಟು. ಹಲಗೆಯ ಸದ್ದು, ಹೂವಿನ ಜೀಪು, ಮುಂದಿನ ಸೀಟಿನಲ್ಲಿ ಮಾಲೆ ಹಾಕಿ ಶಾಲು ಹೊದ್ದ ನರೆಗೂದಲಿನ ಗಂಡಸು, ಹಿಂದಿನ ಸೀಟಿನಲ್ಲಿ ಅತ್ತು ಕಣ್ಣು ಕೆಂಪಾದ ತಮ್ಮ ಮನೆಯ ಹುಡುಗಿ.

ಹುಡುಗಿಯ ತಂದೆ ಹೊಲಸು ತೆಗೆಯುವ ಉದ್ದನೆಯ ಜಾಲರಿ ಸೌಟು ಹಿಡಿದೇ ಓಡಿ ಬಂದರು. "ಯಾಂವಲೇ ಅಂವ? ನನ್ನ ಮಗಳನ್ನ ಕಾಲೇಜಿಗೆ ಕಳಿಸೀನಿ!"

ಒಳಗಿನಿಂದ ಅಜ್ಜಿಯೊಬ್ಬಳು ಹೊರಬಂದು, ಕಣ್ಣಿಗೆ ಕೈ ಅಡ್ಡಹಿಡಿದು ನೋಡಿ, ಎದೆ ಬಡಿದುಕೊಂಡಳು. "ಅಯ್ಯ ಶಿವನ! ವರಾ ನನ್ನ ವಾರಿಗಿಯವ ಇದ್ದಂಗ ಅದಾನಲ್ಲೋ!"

"ಯಪ್ಪಾ, ಬಿಡೊ, ಇವರು ನಮ್ಮ ಸರ! ರಿಟಾಯರ್ ಆಗ್ಯಾರ!" ಎಂದು ಹುಡುಗಿ ಜೀಪಿನಿಂದ ಹಾರಿದಳು. ನಾನು ಒಂದು ಕಡೆ, ಪ್ರಾಚಾರ್ಯರು ಒಂದು ಕಡೆ ನಿಂತು ತಂದೆಗೆ ವಿಷಯ ತಿಳಿಸಲು ಹೆಣಗಿದೆವು. ಹಲಗೆಯವರು ಈಗ ಮದುವೆಯದು ಬಾರಿಸಬೇಕೋ, ಮೆರವಣಿಗೆಯದು ಬಾರಿಸಬೇಕೋ ತಿಳಿಯದೆ ನಿಲ್ಲಿಸಿದರು.

ಮುಖ್ಯಸ್ಥರಿಗೆ ಇದಾವುದರ ಪರಿವೆಯೂ ಇರಲಿಲ್ಲ. ಅವರು ನೆಟ್ಟಗೆ ಕಡಾಯಿಯ ಹತ್ತಿರ ಹೋಗಿ, ಹೊಗೆಯಲ್ಲಿ ಬಾಗಿ ನಿಂತಿದ್ದರು. ಕುದಿಯುವ ಕಬ್ಬಿನ ಹಾಲಿನಲ್ಲಿ ಲೋಳೆ ಬಿತ್ತು. ಹೊಲಸೆಲ್ಲ ಕೂಡಿಕೊಂಡು ನಿಧಾನವಾಗಿ ಮೇಲೆ ಬಂತು. ಮಾಲೆಯ ಹೂವಿನ ಎಸಳೊಂದು ಉದುರಿ ಅದರ ಜೊತೆ ತೇಲಿತು. ಹುಡುಗಿ ಅವರ ಪಕ್ಕದಲ್ಲಿ ಬಂದು ನಿಂತಳು. ಇಬ್ಬರೂ ಒಂದೇ ರೀತಿ ಬಾಗಿ ನೋಡುತ್ತಿದ್ದರು.

ಅಜ್ಜಿ ಹತ್ತಿರ ಹೋಗಿ ಅವರನ್ನು ಮೇಲಿಂದ ಕೆಳಗೆ ನೋಡಿದಳು. "ಏನ ನೋಡಾಕ ಬಂದೀಪಾ?"

"ಈ ಹೊಲಸ ಯಾಕ ಮ್ಯಾಲ ಬರ್ತೈತಿ ಅಂತ ನೋಡಾಕ ಬಂದೀನವ್ವಾ."

"ಅಲ್ಲೋ ಯಪ್ಪಾ, ಇಷ್ಟ ವರ್ಷ ಸಾಲಿ ಕಲಿಸೀದಿ ಅಂತಾರ. ಇಷ್ಟೂ ಗೊತ್ತಿಲ್ಲೇನು ನಿನಗ?"

ಮುಖ್ಯಸ್ಥರು ಕಡಾಯಿಯಿಂದ ಕಣ್ಣು ತೆಗೆಯಲಿಲ್ಲ.

"ಇಲ್ಲವ್ವಾ" ಎಂದರು. "ಇವತ್ತಷ್ಟ ಈಕಿ ಪ್ರಶ್ನೆ ಕೇಳ್ಯಾಳ."